ಮೂಳೆಯ ದಾರಿಯಲ್ಲಿ ಬರುವ ಮಾತು

ಸದಾ ಸೋರುವ ಕಿವಿಗೆ ಮಾಮೂಲಿ ಶ್ರವಣಸಾಧನ ಒಗ್ಗುವುದಿಲ್ಲ. ಕಿವಿಯೊಳಗೆ ಅದರ ಅಚ್ಚು ಕೂತರೆ ಗಾಳಿಯಾಡದೆ ಸೋರುವುದು ಇನ್ನೂ ಹೆಚ್ಚುತ್ತದೆ. ಹುಟ್ಟುವಾಗಲೇ ಕಿವಿಯ ನಾಳ ಮುಚ್ಚಿಕೊಂಡಿರುವ ಮಕ್ಕಳಿಗಂತೂ ಅದನ್ನು ಇಡಲು ಜಾಗವೇ ಇರುವುದಿಲ್ಲ. ಆದರೆ ಇಂಥ ಎಷ್ಟೋ ಜನರಲ್ಲಿ ಕಂಪನವನ್ನು ನರದ ಸಂಕೇತವಾಗಿಸುವ ಒಳಕಿವಿಯ ಕಾಕ್ಲಿಯಾ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅಲ್ಲಿಗೆ ಹೋಗುವ ದಾರಿ ಮಾತ್ರ.

ಲೋಹದ ಸ್ಕ್ರೂ ಕೂರಿಸಿ ತಲೆಬುರುಡೆಯನ್ನೇ ದಾರಿಯಾಗಿಸಬಹುದೆಂದು ತೋರಿಸಿದ್ದು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ವೈದ್ಯರು ಮತ್ತು ಎಂಜಿನಿಯರುಗಳು. ಟೈಟಾನಿಯಂ ಲೋಹವು ಜೀವಂತ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು 1950ರ ದಶಕದಲ್ಲಿ ಮೊಲಗಳ ಮೂಳೆಯಲ್ಲಿ ಕಂಡವರು ಪೆರ್-ಇಂಗ್ವಾರ್ ಬ್ರೊನೆಮಾರ್ಕ್. ಹಲ್ಲಿನ ಇಂಪ್ಲಾಂಟ್ ಹುಟ್ಟಿದ್ದು ಅದರಿಂದಲೇ. 1977ರಲ್ಲಿ ಆಂಡರ್ಸ್ ಶೆಲ್‌ಸ್ಟ್ರೋಮ್ ಅದೇ ಲೋಹದ ಪುಟ್ಟ ಸ್ಕ್ರೂವನ್ನು ರೋಗಿಗಳ ಕಿವಿಯ ಹಿಂದಿನ ಮೂಳೆಗೆ ಕೂರಿಸಿದರು. ಸ್ಕ್ರೂವಿನ ಉದ್ದ 3-4 ಮಿಲಿಮೀಟರ್. ಮೂಳೆ ಅದನ್ನು ಬಿಗಿಯಾಗಿ ಹಿಡಿದ ಮೇಲೆ, ಚರ್ಮದಿಂದ ಹೊರಚಾಚಿದ ತುದಿಗೆ ಕಂಪಿಸುವ ಸಾಧನವನ್ನು ಸಿಕ್ಕಿಸುತ್ತಾರೆ.

ಹಣೆಪಟ್ಟಿಯಂಥ ಬ್ಯಾಂಡಿನಲ್ಲಿ ಇದೇ ಸಾಧನವನ್ನು ಚರ್ಮದ ಮೇಲೆ ಒತ್ತಿ ಕಟ್ಟಿಕೊಳ್ಳಬಹುದಲ್ಲ ಎನ್ನಬಹುದು. ಕಟ್ಟಿಕೊಳ್ಳಬಹುದು, ಆದರೆ ನಡುವಿನ ಚರ್ಮ ಎತ್ತರದ ಸ್ವರಗಳನ್ನು ನುಂಗಿಬಿಡುತ್ತದೆ. ಸ, ಶ, ಚ ಮುಂತಾದ ಅಕ್ಷರಗಳ ಸ್ಪಷ್ಟತೆಯೆಲ್ಲ ಆ ಸ್ವರಗಳಲ್ಲೇ ಇರುವುದು. ಸ್ಕ್ರೂವಿನ ನಿಜವಾದ ಲಾಭ ಇಲ್ಲಿದೆ. ಕಿವಿಯ ನಾಳ ತೆರೆದೇ ಇರುವುದರಿಂದ ಎಷ್ಟೋ ಜನರಿಗೆ ಸೋರುವುದೂ ತಗ್ಗುತ್ತದೆ.

ಒಂದು ಕಿವಿ ಪೂರ್ತಿ ಕೇಳದವರ ವಿಷಯ ಬೇರೆ. ಅವರಲ್ಲಿ ಕಂಪನ ಬುರುಡೆಯನ್ನು ದಾಟಿ ಇನ್ನೊಂದು ಬದಿಯ ಒಳ್ಳೆಯ ಕಾಕ್ಲಿಯಾವನ್ನು ತಲುಪುತ್ತದೆ. ಬಸ್ಸಿನಲ್ಲಿ ಕೇಳದ ಕಿವಿಯ ಕಡೆ ಕೂತವರು ಆಡಿದ ಮಾತು ಸಿಗುತ್ತದೆ, ನಿಜ. ಆದರೆ ಹಾರ್ನ್ ಯಾವ ಕಡೆಯಿಂದ ಬಂತು ಎಂಬುದು ಗೊತ್ತಾಗುವುದಿಲ್ಲ. ದಿಕ್ಕು ತಿಳಿಯಲು ಎರಡು ಒಳಕಿವಿಗಳೂ ಕೆಲಸ ಮಾಡಬೇಕು, ಇಲ್ಲಿ ಕೇಳುತ್ತಿರುವುದು ಒಂದೇ. ಇದನ್ನು ಆಪರೇಷನ್ನಿಗೆ ಮೊದಲೇ ಬಿಡಿಸಿ ಹೇಳದಿದ್ದರೆ ರೋಗಿಗೆ ಅನ್ಯಾಯ ಮಾಡಿದಂತೆ.

ಹೆಚ್ಚಿನ ತೊಂದರೆ ಬರುವುದು ಚರ್ಮದಲ್ಲೇ. ಸ್ಕ್ರೂವಿನ ಸುತ್ತ ಕೆಂಪಾಗುವುದು, ಒಸರುವುದು, ಕೆಲವೊಮ್ಮೆ ಮಾಂಸ ಬೆಳೆದುಕೊಳ್ಳುವುದು ಉಂಟು. ಮೃದುವಾದ ಬ್ರಷ್ಷಿನಿಂದ ಆ ಜಾಗವನ್ನು ಶುಚಿಯಾಗಿಡುವ ಅಭ್ಯಾಸ ಜೀವನಪೂರ್ತಿ ಬೇಕು. ಕಂಪಿಸುವ ಭಾಗವನ್ನೇ ಚರ್ಮದ ಕೆಳಗೆ ಹೂತು, ಹೊರಗಿನ ಯಂತ್ರವನ್ನು ಅಯಸ್ಕಾಂತದಿಂದ ಅಂಟಿಸುವ ಹೊಸ ಮಾದರಿಗಳಲ್ಲಿ ಈ ಕಾಟ ಕಡಿಮೆ. ಆದರೆ ಎಂಆರ್‌ಐ ಮಾಡಿಸುವಾಗ ಆ ಅಯಸ್ಕಾಂತವೇ ಅಡ್ಡಿಯಾಗಬಹುದು.

ಎಳೆಯ ಮಕ್ಕಳ ಬುರುಡೆ ತೆಳು. ಆದ್ದರಿಂದ ಅಮೆರಿಕದಲ್ಲಿ ಐದು ವರ್ಷ ತುಂಬುವವರೆಗೆ ಸ್ಕ್ರೂ ಹಾಕಲು ಒಪ್ಪಿಗೆಯಿಲ್ಲ. ಹಾಗೆಂದು ಅಲ್ಲಿಯತನಕ ಮಗುವನ್ನು ಸುಮ್ಮನೆ ಬಿಡಬಾರದು. ಮಾತು ಕಲಿಯುವ ವರ್ಷಗಳು ಅವೇ. ಎಳೆಗೂಸಿಗೂ ಬ್ಯಾಂಡ್ ಕಟ್ಟಬಹುದು. ದೊಡ್ಡವರೂ ಆಪರೇಷನ್ನಿಗೆ ಒಪ್ಪುವ ಮುನ್ನ ಬ್ಯಾಂಡ್ ಕಟ್ಟಿಕೊಂಡು ಮನೆಯಲ್ಲಿ, ಸಂತೆಯಲ್ಲಿ, ಕೆಲಸದ ಜಾಗದಲ್ಲಿ ಕೆಲವು ದಿನ ಓಡಾಡಿ ನೋಡಬೇಕು. ಅದರಲ್ಲಿ ಕೇಳಿದ್ದಕ್ಕಿಂತ ಸ್ಕ್ರೂವಿನಲ್ಲಿ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ.