ಜಾತ್ರೆಯ ಪ್ರಚಾರವೂ ನಮ್ಮ ಕಾಫಿಪುಡಿಯೂ

ಜನ ಸೇರುವ ಕಡೆ ಜಾಹೀರಾತು ಸೇರುವುದು ಹೊಸದಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರು ಸಾಗುವ ಬೀದಿಗೆ ಹಿಂದೆ ಭಿತ್ತಿಪತ್ರ, ಧ್ವನಿವರ್ಧಕ ಸಾಕಿದ್ದವು. ಈಗ ಮೊಬೈಲು ಬಂದಿದೆ. 2025ರ ಫೆಬ್ರವರಿ 10ರಿಂದ 12ರವರೆಗೆ ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ನಡೆದ ಕುಂಭಮೇಳವನ್ನು ಬಾರದವರೂ ಅಂಗೈಯಲ್ಲೇ ನೋಡಿದರು.

ಸಹಕಾರಿಗಳಾದ ನಮಗೆ ಹತ್ತಿರದ ಉದಾಹರಣೆ ನಂದಿನಿಯದು. 2024ರ ಜೂನ್‌ನಲ್ಲಿ ಅಮೆರಿಕ, ವೆಸ್ಟ್ ಇಂಡೀಸ್‌ಗಳಲ್ಲಿ ನಡೆದ ಟಿ-20 ವಿಶ್ವಕಪ್ಪಿನಲ್ಲಿ ಕರ್ನಾಟಕ ಹಾಲು ಮಹಾಮಂಡಳಿಯು ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳ ಪ್ರಾಯೋಜಕತ್ವ ವಹಿಸಿತು. ಸ್ಕಾಟ್ಲೆಂಡ್ ಆಟಗಾರರ ಅಂಗಿಯ ತೋಳಿನ ಮೇಲೆ ‘ನಂದಿನಿ’ ಎಂಬ ಕನ್ನಡ ಅಕ್ಷರ ಕಂಡದ್ದೇ ತಡ, ಕನ್ನಡಿಗರು ಆ ಚಿತ್ರವನ್ನು ತಾವಾಗಿಯೇ ಒಬ್ಬರಿಂದೊಬ್ಬರಿಗೆ ಕಳುಹಿಸಿದರು. ಮಹಾಮಂಡಳಿ ಹಣ ತೆತ್ತದ್ದು ಅಂಗಿಯ ಮೇಲಿನ ಜಾಗಕ್ಕೆ. ಈ ಹರಡುವಿಕೆ ಅಭಿಮಾನದಿಂದ ಬಂದದ್ದು.

ಆದರೆ ಹರಡಿದ್ದೆಲ್ಲ ನಿಜವಲ್ಲ. ಹಳೆಯ ವಿಡಿಯೋಗೆ ಹೊಸ ತಲೆಬರಹ ಹಚ್ಚಿ ‘ಅಡಿಕೆ ಧಾರಣೆ ಕುಸಿಯಿತು’ ಎಂದರೆ, ನಂಬಿ ಅವಸರದಲ್ಲಿ ಮಾರಿದವರಿಗೆ ನಷ್ಟ. ಮಾರುವ ಮುನ್ನ ಎ.ಪಿ.ಎಂ.ಸಿ.ಯ ಆ ದಿನದ ಧಾರಣೆಯನ್ನು ವಿಚಾರಿಸತಕ್ಕದ್ದು.

ಜಾತ್ರೆಯಲ್ಲಿ ಕಾಫಿಪುಡಿ ಮಾರುವ ಸದಸ್ಯರಿಗೆ ನಮ್ಮ ಸೂಚನೆ ಇಷ್ಟು. ವಿಡಿಯೋ ಚಿಕ್ಕದಿರಲಿ, ಮಳಿಗೆಯ ಸ್ಥಳ, ದಿನಾಂಕ, ತೂಕ, ಬೆಲೆ ತಿಳಿಸಲಿ. ಚಿಕೋರಿ ಬೆರೆಸಿದ್ದರೆ ಶೇಕಡಾ ಎಷ್ಟೆಂದು ಪೊಟ್ಟಣದ ಮೇಲೆ ನಮೂದಿಸಲೇಬೇಕು, ಅದು ಶೇ. 49ನ್ನು ಮೀರಕೂಡದು. ‘ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ’ ಎಂಬಂಥ ಮಾತು ಬೇಡ. ದಾರಿ ತಪ್ಪಿಸುವ ಜಾಹೀರಾತಿಗೆ ಆಹಾರ ಸುರಕ್ಷತಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡವುಂಟು; ಸಣ್ಣ ಬೆಳೆಗಾರನ ತೋಟವೇ ಹೋದೀತು.

ಪೊಟ್ಟಣದ ಮೇಲೆ ವಿಳಾಸವನ್ನು ಸ್ಪಷ್ಟವಾಗಿ ಅಚ್ಚು ಹಾಕಿಸಿರಿ. ಜಾತ್ರೆ ಮುಗಿದ ಮೇಲೂ ಪುಡಿ ಬೇಕೆನ್ನುವವರು ನಿಮ್ಮನ್ನು ಹುಡುಕಬೇಕಲ್ಲವೇ?