ಆರು ಸೆಂಟಿಮೀಟರಿನಲ್ಲಿ ನಿಂತ ಗೆರೆ

ಮಗು ಹುಟ್ಟಿದ ಸುದ್ದಿ ಫೋನಿನಲ್ಲಿ ಹೋದರೆ ಆ ಕಡೆಯಿಂದ ಎರಡು ಪ್ರಶ್ನೆ ಬರುತ್ತವೆ. ಗಂಡೋ ಹೆಣ್ಣೋ ಅನ್ನುವುದು ಮೊದಲನೆಯದು. ಎರಡನೆಯದು, ‘ನಾರ್ಮಲ್ಲಾ, ಆಪರೇಷನ್ನಾ?’ ಬಾಣಂತಿ ಹೇಗಿದ್ದಾಳೆ ಅನ್ನುವುದು ಮೂರನೆಯದು, ಅದೂ ಕೆಲವೊಮ್ಮೆ ಬರುವುದಿಲ್ಲ.

ನನ್ನ ಮಗಳು ಹುಟ್ಟಿದ ಬೆಳಿಗ್ಗೆ ಅರಸೀಕೆರೆ ಕಡೆಯ ಹಳ್ಳಿಯಿಂದ ಸೋದರತ್ತೆ ಫೋನ್ ಮಾಡಿದ್ದರು. ನಮ್ಮವರು ಅದನ್ನು ನನ್ನ ಕಿವಿಗೆ ಹಿಡಿದರು. ಸೊಂಟದಿಂದ ಕೆಳಗೆ ಇನ್ನೂ ಜೋಮು. ‘ಅಯ್ಯೋ, ಕೊಯ್ದೇ ತೆಗೆದ್ರಾ? ಇನ್ನೊಂದು ಸ್ವಲ್ಪ ತಡ್ಕೊಂಡಿದ್ರೆ ಆಗ್ತಿತ್ತಲ್ವೇನೇ. ನಾವೆಲ್ಲ ನಾಲ್ಕು ನಾಲ್ಕು ಮನೇಲೇ ಹೆತ್ವಿ’ ಅಂದರು. ಬೈಗುಳವಲ್ಲ ಅದು, ಅತ್ತೆಯ ಅಕ್ಕರೆಯೇ ಹಾಗೆ. ನಾನು ತಡೆದುಕೊಂಡಿದ್ದು ಇಪ್ಪತ್ತೈದು ಗಂಟೆ ಎಂದು ಹೇಳಲು ಬಾಯಿ ಬರಲಿಲ್ಲ.

ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೆ. ಏಳನೇ ತಿಂಗಳಿಂದ ದಿನಾ ಸಂಜೆ ನಡಿಗೆ. ಕಾಲು ಮಡಚಿ ಕೂತು ಮಾಡುವ ವ್ಯಾಯಾಮ. ಮಧ್ಯರಾತ್ರಿ ನೋವು ಕಾಣಿಸಿಕೊಂಡಾಗ ಅಮ್ಮ ಜೀರಿಗೆ ಕಷಾಯ ಕುಡಿಸಿದರು. ಸುಳ್ಳು ನೋವಾದರೆ ನಿಲ್ಲುತ್ತದೆ, ನಿಜವಾದರೆ ಜೋರಾಗುತ್ತದೆ ಅನ್ನುವುದು ನಮ್ಮ ಕಡೆಯ ಲೆಕ್ಕ. ಜೋರಾಯಿತು. ಆಸ್ಪತ್ರೆಗೆ ಹೋದೆವು. ಆಮೇಲಿನದೆಲ್ಲ ನನಗೆ ತುಂಡುತುಂಡಾಗಿ ನೆನಪಿದೆ: ಗೋಡೆಯ ಗಡಿಯಾರ, ಹನಿಹನಿಯಾಗಿ ಇಳಿಯುವ ಡ್ರಿಪ್, ಪಕ್ಕದ ಮಂಚದವಳ ಕಿರುಚಾಟ, ಬಂದು ಕೈಹಾಕಿ ನೋಡಿ ‘ಇನ್ನೂ ಆರೇ’ ಎಂದು ಹೋಗುವ ಸಿಸ್ಟರ್. ಒಮ್ಮೆಲೇ ಓಡಾಟ, ಸಹಿ, ಟ್ರಾಲಿ. ಆರು ಅಂದರೆ ಏನು, ಏಳು ಯಾಕೆ ಆಗಲಿಲ್ಲ, ಓಡಾಟ ಯಾಕೆ ಶುರುವಾಯಿತು ಎಂದು ಅಂದೂ ಯಾರೂ ಹೇಳಲಿಲ್ಲ, ಮನೆಗೆ ಕಳಿಸುವಾಗಲೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ತಾಯಿ ಮಗು ಚೆನ್ನಾಗಿರುವಾಗ ಏನೆಂದು ಕೇಳುವುದು?

ಎರಡು ವರ್ಷ ಕಳೆದು ಮತ್ತೆ ಬಸುರಿಯಾದಾಗ ಬೇರೆ ಊರು, ಬೇರೆ ಡಾಕ್ಟರು. ಅವರು ಕೇಳಿದ ಮೊದಲ ಪ್ರಶ್ನೆ: ‘ಮೊದಲನೇದು ಯಾಕೆ ಸಿಸೇರಿಯನ್ ಆಯ್ತು?’ ನಾನು ಅಮ್ಮನ ಮುಖ ನೋಡಿದೆ. ‘ಮಗು ನೀರು ಕುಡಿದುಬಿಟ್ಟಿತ್ತಂತೆ’ ಅಂದರು ಅಮ್ಮ. ‘ಕರುಳು ಸುತ್ತಿಕೊಂಡಿತ್ತು ಅಂದ ಹಾಗಿತ್ತು’ ಅಂದರು ನಮ್ಮವರು. ನನ್ನ ಮನಸ್ಸಿನಲ್ಲಿದ್ದ ಕಾರಣ ಇವೆರಡೂ ಅಲ್ಲ. ನನ್ನ ಕೈಯಲ್ಲಿ ಆಗಲಿಲ್ಲ, ಅಷ್ಟೇ ಎಂದುಕೊಂಡಿದ್ದೆ. (ಕರುಳು ಸುತ್ತಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ನನ್ನ ತಮ್ಮ ಮಾತ್ರ ಅನುಭವಿಸಿ ಆಗಿತ್ತು: ಮಾಲೆ ಹಾಕಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗುವುದಿಲ್ಲವೆಂದು, ಸೊಸೆಯ ಮುಖವನ್ನು ಮೊದಲು ಎಣ್ಣೆಯ ಬಟ್ಟಲಲ್ಲಿ ತೋರಿಸಿದ್ದರು.)

ಡಾಕ್ಟರು ನಕ್ಕು, ‘ಆಸ್ಪತ್ರೆಯಿಂದ ಕೇಸ್‌ಶೀಟಿನ ನಕಲು ತನ್ನಿ’ ಅಂದರು. ಹಾಗೆ ಕೇಳಬಹುದು ಎಂಬುದೇ ನನಗೆ ಹೊಸತು. ವೈದ್ಯರ ನಡಾವಳಿಯ ಬಗ್ಗೆ 2002ರಲ್ಲಿ ಬಂದ ನಿಯಮಾವಳಿಯಲ್ಲಿ ಇದು ಸ್ಪಷ್ಟವಾಗಿದೆ: ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ತುಂಬಲು ಇನ್ನೂ ಐದು ತಿಂಗಳಿತ್ತು. ಅರ್ಜಿ ಬರೆದೆವು, ಸಿಕ್ಕಿತು.

ಆ ಕಟ್ಟಿನಲ್ಲಿ ಒಂದು ಚೌಕಳಿ ಹಾಳೆ ಇತ್ತು. ಶಾಲೆಯ ಗ್ರಾಫ್ ಪುಸ್ತಕದ್ದೇ ಹಾಳೆ ಅನ್ನಬೇಕು, ಹಾಗೆ. ಮೇಲೆ ಚುಕ್ಕೆಗಳು, ಮಧ್ಯೆ ಎರಡು ಓರೆಗೆರೆ, ಅದರ ಜೊತೆ ಕೈಯಲ್ಲಿ ಹಾಕಿದ ಕತ್ತರಿ ಗುರುತುಗಳು, ಕೆಳಗೆ ಕಪ್ಪು ತುಂಬಿದ ಚೌಕಗಳು. ಪಾರ್ಟೋಗ್ರಾಫ್ ಎಂದು ಅದರ ಹೆಸರು. ಹೆರಿಗೆ ಕೋಣೆಯಲ್ಲಿ ನನ್ನ ತಲೆದೆಸೆಯ ಹಲಗೆಗೇ ಅದನ್ನು ಸಿಕ್ಕಿಸಿದ್ದರು. ಒಂಬತ್ತು ಹತ್ತು ಗಂಟೆ ನನ್ನದೇ ಕಥೆ ನನ್ನ ತಲೆಯ ಹಿಂದೆ ಬರೆಯಿಸಿಕೊಳ್ಳುತ್ತಿತ್ತು.

ಡಾಕ್ಟರು ಪೆನ್ನಿನ ತುದಿಯಿಟ್ಟು ಓದಿ ಹೇಳಿದರು. ಮಧ್ಯಾಹ್ನ ಮೂರಕ್ಕೆ ಗರ್ಭದ ಬಾಯಿ ತೆರೆದಿದ್ದು ನಾಲ್ಕು ಸೆಂಟಿಮೀಟರು. ಐದಕ್ಕೆ ಐದು. ರಾತ್ರಿ ಎಂಟಕ್ಕೆ ಆರು. ಎಂಟೂವರೆಗೆ ನೋವು ಹೆಚ್ಚಿಸುವ ಡ್ರಿಪ್. ಹನ್ನೆರಡಕ್ಕೂ ಆರೇ. ಕೆಳಗಿನ ಚೌಕಗಳು ಹತ್ತು ನಿಮಿಷಕ್ಕೆ ಎಷ್ಟು ನೋವು ಬಂದವು ಎಂಬ ಲೆಕ್ಕ. ಪೂರ್ತಿ ಕಪ್ಪು ತುಂಬಿದ್ದರೆ ಒಂದೊಂದೂ ನಲವತ್ತು ಸೆಕೆಂಡು ದಾಟಿದೆ ಎಂದರ್ಥ. ನನ್ನವು ಸಾಲಾಗಿ ಕಪ್ಪಗಿದ್ದವು. ‘ನೋಡಿ, ನೋವು ಕಮ್ಮಿ ಇರಲಿಲ್ಲ ನಿಮಗೆ. ಮಾಡಬೇಕಾದ್ದನ್ನೆಲ್ಲ ಗರ್ಭಕೋಶ ಮಾಡಿದೆ’ ಅಂದರು. ಆ ಮಾತು ಕೇಳಿ ಅಳು ಬಂತು. ಎರಡೂವರೆ ವರ್ಷ ತಡವಾಗಿ.

ಅಂಚಿನಲ್ಲಿ ‘ಓಪಿ’ ಎಂದು ಬರೆದಿತ್ತು. ‘ಒಳಗೆ ಸೇರಿಸಿಕೊಂಡ ಮೇಲೂ ನನ್ನನ್ನು ಹೊರರೋಗಿ ಅಂತ ಯಾಕೆ ಬರೆದಿದ್ದಾರೆ?’ ಎಂದು ಕೇಳಿದೆ. ಓಪಿ ಎಂದರೆ ಮಗುವಿನ ಹಿಂದಲೆ ತಾಯಿಯ ಬೆನ್ನಿನ ಕಡೆ ಇದೆ ಎಂದು. ತಲೆ ಕೆಳಗೇ ಇರುತ್ತದೆ, ಆದರೆ ಮುಖ ತಾಯಿಯ ಹೊಟ್ಟೆಯ ಕಡೆಗೆ. ಬೆನ್ನಿನ ಕಡೆ ಮುಖ ಮಾಡಿ ಗದ್ದವನ್ನು ಎದೆಗೆ ಒತ್ತಿಕೊಂಡು ಬರುವ ಮಗುವಿನ ತಲೆಯ ಅತಿ ಚಿಕ್ಕ ಸುತ್ತಳತೆ ಮೊದಲು ಇಳಿಯುತ್ತದೆ. ಇದು ಹಾಗಲ್ಲ, ಅಗಲವಾಗಿ ಬಂದು ಕೂರುತ್ತದೆ. ಇಂಥ ಮಕ್ಕಳಲ್ಲಿ ಬಹಳಷ್ಟು ನೋವಿನ ನಡುವೆಯೇ ತಿರುಗಿಕೊಳ್ಳುತ್ತವೆ. ನನ್ನ ಮಗಳು ತಿರುಗಲಿಲ್ಲ. ಈಗಲೂ ಅವಳದು ಅದೇ ಸ್ವಭಾವ.

ಕುತೂಹಲಕ್ಕೆ ಆ ಹಾಳೆಯ ಹಿಂದೆ ಬಿದ್ದೆ. ನ್ಯೂಯಾರ್ಕಿನ ಎಮಾನ್ಯುಯೆಲ್ ಫ್ರೀಡ್‌ಮನ್ ಎಂಬ ವೈದ್ಯರು 1954ರಲ್ಲಿ ಹೆರಿಗೆಯ ಏರಿಕೆಯನ್ನು ಮೊದಲು ಗೆರೆಯಾಗಿ ಬರೆದರು. ಅದಕ್ಕೂ ಮುಂಚೆ ‘ಇನ್ನೂ ಹೊತ್ತಿದೆ’, ‘ಹತ್ತಿರ ಬಂತು’ ಅನ್ನುವುದೆಲ್ಲ ಕೈಯಳತೆ, ಕಣ್ಣಳತೆ. ನಮ್ಮ ಹಾಳೆಯ ಎರಡು ಓರೆಗೆರೆ ಮಾತ್ರ ಆಫ್ರಿಕಾದ್ದು. ಈಗ ಜಿಂಬಾಬ್ವೆ ಎನ್ನುವ, ಆಗಿನ ರೊಡೇಷಿಯಾದಲ್ಲಿ ಫಿಲ್‌ಪಾಟ್ ಮತ್ತು ಕ್ಯಾಸಲ್ 1972ರಲ್ಲಿ ಅವನ್ನು ಎಳೆದರು. ದೂರದ ಕ್ಲಿನಿಕ್ಕಿನಲ್ಲಿ ಸೂಲಗಿತ್ತಿ ಒಬ್ಬಳೇ ಇರುತ್ತಾಳೆ, ಡಾಕ್ಟರಿಲ್ಲ. ದೊಡ್ಡಾಸ್ಪತ್ರೆಗೆ ಯಾವಾಗ ಕಳಿಸಬೇಕು ಎಂದು ಅವಳು ತೀರ್ಮಾನಿಸುವುದು ಹೇಗೆ? ಗಂಟೆಗೆ ಒಂದು ಸೆಂಟಿಮೀಟರಿನ ಮೊದಲ ಗೆರೆ ದಾಟಿದರೆ ಎಚ್ಚರವಾಗು. ಅದರಿಂದ ನಾಲ್ಕು ಗಂಟೆ ಆಚೆಯ ಎರಡನೇ ಗೆರೆ ತಲುಪಿದರೆ ಕೂರಬೇಡ, ಏನಾದರೂ ಮಾಡು. ವಿಶ್ವ ಆರೋಗ್ಯ ಸಂಸ್ಥೆ ಇಂಡೋನೇಷ್ಯಾ, ಥಾಯ್ಲೆಂಡ್, ಮಲೇಷ್ಯಾಗಳ 35,484 ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿತು. 1994ರಲ್ಲಿ ಬಂದ ಫಲಿತಾಂಶದಂತೆ, 18 ಗಂಟೆ ಮೀರುವ ಹೆರಿಗೆಗಳು ನೂರಕ್ಕೆ 6.4ರಿಂದ 3.4ಕ್ಕೆ ಇಳಿದವು.

ಆದರೆ ಹೆಂಗಸರ ಮೈ ಗೆರೆ ಎಳೆದ ಹಾಗೆ ನಡೆಯುವುದಿಲ್ಲ. ಅಮೆರಿಕದ 19 ಆಸ್ಪತ್ರೆಗಳ 62,415 ಹೆರಿಗೆಗಳ ದಾಖಲೆ ನೋಡಿದ ಜಾಂಗ್ ಮತ್ತು ಸಂಗಡಿಗರು 2010ರಲ್ಲಿ ಹೇಳಿದ್ದು: ನಾಲ್ಕರಿಂದ ಐದಕ್ಕೆ ಹೋಗಲು ಆರು ಗಂಟೆಗೂ ಹೆಚ್ಚು ಹಿಡಿಯಬಹುದು, ಐದರಿಂದ ಆರಕ್ಕೆ ಮೂರಕ್ಕೂ ಹೆಚ್ಚು. ಹಾಗಾದರೂ ಸುಸೂತ್ರ ಹೆರಿಗೆಯಾಗುತ್ತದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ, ಗಂಟೆಗೊಂದು ಸೆಂಟಿಮೀಟರು ಆಗಲಿಲ್ಲ ಎನ್ನುವ ಒಂದೇ ಕಾರಣಕ್ಕೆ ಕೈಹಾಕಬೇಡಿ ಎಂದಿತು. 2020ರಲ್ಲಿ ಹೊಸ ಹಾಳೆಯನ್ನೇ ತಂದಿತು. ಅದರಲ್ಲಿ ಓರೆಗೆರೆಗಳಿಲ್ಲ. ಐದರಲ್ಲಿ ಆರು ಗಂಟೆ ನಿಂತರೆ, ಆರರಲ್ಲಿ ಐದು ಗಂಟೆ ನಿಂತರೆ ಎಚ್ಚರ, ಹೀಗೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಗಡುವು.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಾನು ಆರರಲ್ಲಿ ನಿಂತಿದ್ದು ನಾಲ್ಕು ಗಂಟೆ. ಹೊಸ ಹಾಳೆಯಾಗಿದ್ದರೆ ಇನ್ನೂ ಒಂದು ಗಂಟೆ ಇತ್ತು! ಅತ್ತೆ ಹೇಳಿದ್ದೇ ಸರಿಯೇ? ಮರುದಿನ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹಾಳೆಯ ಮೇಲ್ಭಾಗ ನೋಡಲು ಹೇಳಿದರು. ಅಲ್ಲಿ ನೀರಿನ ಸಾಲಿದೆ. ಹನ್ನೊಂದೂವರೆಯವರೆಗೆ ‘ಸಿ’, ಅಂದರೆ ತಿಳಿನೀರು. ಹನ್ನೆರಡಕ್ಕೆ ‘ಎಂ’: ಮಗು ಒಳಗೇ ಕಕ್ಕಸ್ಸು ಮಾಡಿಕೊಂಡಿದೆ. ಅಮ್ಮನ ‘ನೀರು ಕುಡಿದದ್ದು’ ಇದೇ. ಅದಕ್ಕೂ ಮೇಲೆ ಎದೆಬಡಿತದ ಚುಕ್ಕೆಗಳು, ಅರ್ಧ ಗಂಟೆಗೊಂದು. 140, 144, 138 ಎಂದು ಸಾಲಾಗಿ ಬಂದದ್ದು ಹನ್ನೆರಡೂವರೆಗೆ ನೂರಕ್ಕೆ ಬಿದ್ದಿದೆ. ಮಗು ಹೊರಬಂದದ್ದು ಒಂದು ಹತ್ತಕ್ಕೆ. ‘ನಿಮ್ಮನ್ನು ಥಿಯೇಟರಿಗೆ ಕರೆದುಕೊಂಡು ಹೋಗಿದ್ದು ಗೆರೆಯಲ್ಲ, ಈ ಚುಕ್ಕೆ’ ಎಂದರು.

ಎಲ್ಲ ಆಪರೇಷನ್ನಿಗೂ ಇಂಥ ಚುಕ್ಕೆ ಇರುತ್ತದೆಯೇ? ಇರುವುದಿಲ್ಲ, ಅದನ್ನು ಮುಚ್ಚಿಡಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್. ದೇಶದ ಸರಾಸರಿ 21.5. ದೇಶದ ಖಾಸಗಿ ಆಸ್ಪತ್ರೆಗಳನ್ನಷ್ಟೇ ನೋಡಿದರೆ 47.4. ಇವೆಲ್ಲವೂ ಮಗುವಿನ ಎದೆಬಡಿತ ಬಿದ್ದು ಆದವು ಎಂದು ಯಾರೂ ನಂಬುವುದಿಲ್ಲ. ಆದರೆ ಯಾವುದು ಬೇಕಿತ್ತು, ಯಾವುದು ಬೇಡವಾಗಿತ್ತು ಎಂದು ಹೊರಗೆ ಕೂತು ಫೋನಿನಲ್ಲಿ ತೀರ್ಮಾನಿಸಲು ಬರುವುದಿಲ್ಲ. ಹಾಳೆ ನೋಡಬೇಕು. ಹಾಳೆಯನ್ನೇ ಬರೆಯದ ಆಸ್ಪತ್ರೆಗಳಿವೆ, ಹೆರಿಗೆ ಮುಗಿದ ಮೇಲೆ ಕೂತು ಚಂದದ ಗೆರೆ ಎಳೆಯುವವರೂ ಇದ್ದಾರೆ. ನನ್ನ ತಕರಾರು ಇರುವುದು ಅಲ್ಲಿ.

ಹೆರಿಗೆ ತೊಡಕಾಗುವುದರಲ್ಲಿ ನೋವು ಕೂಡಿ ಬರದಿರುವುದು ಒಂದು ಬಗೆ. ಎಲ್ಲ ಸಲೀಸಾಗಿ ಆಗಿ, ಮಗು ಅತ್ತು, ಸತ್ತೆಯೂ ಬಿದ್ದು, ಹೊರಗೆ ಪೇಡ ಹಂಚುತ್ತಿರುವಾಗ ರಕ್ತ ನಿಲ್ಲದಿರುವುದು ಇನ್ನೊಂದು. ತಾಯಂದಿರನ್ನು ಹೆಚ್ಚು ಕೊಲ್ಲುವುದು ಅದು. ಈ ವಿಷಯದಲ್ಲಿ ಜಗತ್ತು ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ ಕಲಿತದ್ದಿದೆ. ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಕೊಡ್ಕಣಿ, ಗೌಡರ್ ಮೊದಲಾದವರು ಅಮೆರಿಕದ ವೈದ್ಯರ ಜೊತೆಗೂಡಿ 1,620 ಹೆಂಗಸರಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಮಗು ಹುಟ್ಟುತ್ತಲೇ ಹಳ್ಳಿಯ ಎಎನ್‌ಎಂ ಅಕ್ಕ ಬಾಯಿಗೆ ಹಾಕಿದ ಮಿಸೊಪ್ರೊಸ್ಟಾಲ್ ಮಾತ್ರೆ, ವಿಪರೀತ ರಕ್ತಸ್ರಾವವನ್ನು ನೂರಕ್ಕೆ 12ರಿಂದ 6.4ಕ್ಕೆ ಇಳಿಸಿತ್ತು. ಸೂಜಿ ಬೇಡ, ಫ್ರಿಜ್ ಬೇಡ, ಡಾಕ್ಟರೂ ಬೇಡ. ನನಗೆ ಮಾತ್ರೆಗಿಂತ ಇಷ್ಟವಾದದ್ದು ಅವರು ಬಳಸಿದ ಚೀಲ. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ತುದಿಯಲ್ಲಿ ಲಾಳಿಕೆಯಂತೆ ಇಳಿಬಿದ್ದ ಚೀಲ, ಅದರ ಮೇಲೆ ಅಳತೆಯ ಗೆರೆಗಳು. ಬಟ್ಟೆಗೆ ಹೀರಿದ ರಕ್ತ ಎಷ್ಟೆಂದು ಪಳಗಿದ ಕಣ್ಣಿಗೂ ತಿಳಿಯುವುದಿಲ್ಲ. ಚೀಲದಲ್ಲಿ 500 ಮಿಲಿಲೀಟರಿನ ಗೆರೆ ಮುಟ್ಟಿದರೆ ಯಾರಿಗಾದರೂ ತಿಳಿಯುತ್ತದೆ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥದೇ ಅಳತೆ ಚೀಲವಿಟ್ಟು, ಕಂಡಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಕೊಟ್ಟು ನೋಡಿದಾಗ, ರಕ್ತಸ್ರಾವ ಕೈಮೀರುವುದು ನೂರಕ್ಕೆ 60ರಷ್ಟು ಕಡಿಮೆಯಾಯಿತು.

ನನ್ನ ಎರಡನೆಯದಕ್ಕೆ ಬರುತ್ತೇನೆ. ‘ಒಮ್ಮೆ ಕೊಯ್ದರೆ ಮತ್ತೆ ಕೊಯ್ಯಲೇಬೇಕು’ ಎನ್ನುವ ಮಾತು 1916ರಲ್ಲಿ ನ್ಯೂಯಾರ್ಕಿನ ಕ್ರೇಗಿನ್ ಎಂಬ ವೈದ್ಯರು ಬರೆದದ್ದು. ಆಗ ಗರ್ಭಕೋಶವನ್ನು ಉದ್ದಕ್ಕೆ ಸೀಳುತ್ತಿದ್ದರು. ಈಗ ಕೆಳಗೆ, ಅಡ್ಡ ಕೊಯ್ಯುತ್ತಾರೆ. ಹೊಟ್ಟೆಯ ಮೇಲಿನ ಗಾಯ ನೋಡಿ ಒಳಗಿನದು ಹೇಗಿದೆ ಎಂದು ಹೇಳಲಾಗದು, ಕೇಸ್‌ಶೀಟಿನಲ್ಲಿ ಮಾತ್ರ ಗೊತ್ತಾಗುತ್ತದೆ. ಮೊದಲ ಆಪರೇಷನ್ನಿಗೆ ಕಾರಣ ತಾಯಿಯ ಎಲುಬಲ್ಲ, ಆ ಒಂದು ಮಗು ತಿರುಗದೆ ಕೂತದ್ದು ಎಂದು ತಿಳಿದರೆ, ಎರಡನೆಯ ಸಲ ನೋವು ತಿಂದು ನೋಡಲು ಧೈರ್ಯ ಬರುತ್ತದೆ. ಹಾಗೆ ನೋಡಿದವರಲ್ಲಿ ನೂರಕ್ಕೆ 60ರಿಂದ 80 ಜನರಿಗೆ ಸಿಸೇರಿಯನ್ ಇಲ್ಲದೆಯೇ ಹೆರಿಗೆಯಾಗುತ್ತದೆ. ಹಳೆಯ ಗಾಯ ಬಿಟ್ಟುಕೊಳ್ಳುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ, ಆದರೆ ಬಿಟ್ಟುಕೊಂಡರೆ ನಿಮಿಷಗಳ ಲೆಕ್ಕ. ಆದ್ದರಿಂದ ಥಿಯೇಟರ್, ರಕ್ತ, ಅರಿವಳಿಕೆ ಡಾಕ್ಟರು ಕೈಗೆಟಕುವಲ್ಲಿ ಇರುವ ಆಸ್ಪತ್ರೆಗೇ ಹೋದೆ.

ಈ ಸಲ ಹೊಸ ಹಾಳೆ. ಅದರ ಮೊದಲ ಸಾಲುಗಳು ಸೆಂಟಿಮೀಟರಿನವಲ್ಲ: ಜೊತೆಗೆ ಯಾರಿದ್ದಾರೆ, ನೋವಿಗೆ ಏನು ಕೊಟ್ಟಿರಿ, ಕುಡಿಯಲು ಕೊಟ್ಟಿರಾ, ಎದ್ದು ಓಡಾಡುತ್ತಿದ್ದಾಳೋ ಮಲಗಿದ್ದಾಳೋ. ನನ್ನ ಜೊತೆ ಅತ್ತಿಗೆ ಇದ್ದಳು. ಶೃಂಗೇರಿಯಲ್ಲಿ ತುಂಗೆಯ ದಡದ ಕಪ್ಪೆ ಶಂಕರನ ಗುಡಿಗೆ ಹೋದವರಿಗೆಲ್ಲ ಕಥೆ ಗೊತ್ತು: ಬಿಸಿಲಲ್ಲಿ ಹೆರುತ್ತಿದ್ದ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಹಿಡಿದಿತ್ತು. ವೈರಿಗಳಲ್ಲೂ ಮೈತ್ರಿ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ನಾನೂ ಅತ್ತಿಗೆಯೂ ಆ ಮೊದಲು ಹಾವು–ಕಪ್ಪೆಯಷ್ಟೇ ಅನ್ಯೋನ್ಯವಾಗಿದ್ದೆವು. ಅವಳು ಹನ್ನೊಂದು ಗಂಟೆ ಸೊಂಟ ನೀವಿದಳು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನವರ ಕಾಲದ ಹೆಂಗಸರಿಗೆ ಇದನ್ನು ಯಾವ ಹಾಳೆಯೂ ಹೇಳಿಕೊಡಬೇಕಿರಲಿಲ್ಲ.

ಐದು, ಏಳು, ಒಂಬತ್ತು, ಹತ್ತು. ಬಾಯಿ ಪೂರ್ತಿ ತೆರೆಯಿತು. ಮುಕ್ಕಿ ಮುಕ್ಕಿ ಒಂದೂವರೆ ಗಂಟೆಯಾದರೂ ತಲೆ ಬಾಗಿಲಲ್ಲೇ ಕೂತಿತ್ತು, ಎದೆಬಡಿತ ಇಳಿಯತೊಡಗಿತು. ಡಾಕ್ಟರು ಬಗ್ಗಿ ನನ್ನ ಕಣ್ಣು ನೋಡಿಯೇ ಹೇಳಿದರು: ‘ವ್ಯಾಕ್ಯೂಮ್ ಹಾಕ್ತೀನಿ. ಮೂರು ಸಲ ಎಳೀತೀನಿ, ಬರದಿದ್ರೆ ಥಿಯೇಟರ್.’ ಸ್ವೀಡನ್ನಿನ ಮಾಲ್ಮ್‌ಸ್ಟ್ರೋಮ್ 1950ರ ದಶಕದಲ್ಲಿ ರೂಪಿಸಿದ ಬಟ್ಟಲದು, ಮಗುವಿನ ನೆತ್ತಿಗೆ ಕಚ್ಚಿ ಹಿಡಿಯುತ್ತದೆ. ಎರಡನೇ ಎಳೆತಕ್ಕೆ ಮಗ ಬಂದ. ನೆತ್ತಿಯ ಮೇಲೆ ಇಡ್ಲಿ ಇಟ್ಟ ಹಾಗೆ ಬಾವು. ಕೆಳಗೆ ತೂಗುತ್ತಿದ್ದ ಚೀಲವನ್ನು ಸಿಸ್ಟರ್ ಬೆಳಕಿಗೆ ಹಿಡಿದು ‘ಮುನ್ನೂರು’ ಅಂದರು.

ಅತ್ತೆಯ ಫೋನು ಬಂತು. ‘ನಾರ್ಮಲ್ಲಾ, ಆಪರೇಷನ್ನಾ?’

‘ಎರಡೂ ಅಲ್ಲ ಅತ್ತೆ. ಮಗು ಅರ್ಧದಲ್ಲಿ ನಿಂತಿತ್ತು. ವ್ಯಾಕ್ಯೂಮ್ ಹಾಕಿ ಎಳೆದ್ರು.’

ಅದೆಂಥದು ಎಂದು ಕೇಳಿದರು. ಹೇಳಿದೆ. ಬಟ್ಟಲು, ಎಳೆತ, ಬಾವು, ಎಲ್ಲ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಎಲ್ಲೋ ಹಸು ಕೂಗುತ್ತಿತ್ತು.

‘ನಂಗೆ ಇಕ್ಕಳ ಹಾಕಿದ್ರು ಕಣೇ’ ಅಂದರು. ‘ದೊಡ್ಡೋನಿಗೆ. ಎರಡು ದಿನ ಮನೇಲಿ ನೋವು ತಿಂದು, ಆಮೇಲೆ ಗಾಡೀಲಿ ಹಾಕ್ಕೊಂಡು ಆಸ್ಪತ್ರೆಗೆ ಒಯ್ದ್ರು. ಅವನ ಕಿವಿ ಪಕ್ಕ ಗೆರೆ ಇಲ್ವಾ, ಅದು ಹುಟ್ಟುಮಚ್ಚೆ ಅಲ್ಲ.’