ಹಬ್ಬ ಎಲ್ಲರಿಗೂ, ಕೇಳಿಸುವುದು ಕೆಲವರಿಗೇ!

ಮೈಸೂರು: ದಸರಾ ಹತ್ತಿರ ಬಂತೆಂದರೆ ಆನೆ, ಕುದುರೆಗಳಿಗೂ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರೆ. ಜಂಬೂ ಸವಾರಿಯ ದಿನ 21 ಕುಶಾಲತೋಪು ಹಾರುವಾಗ ಪ್ರಾಣಿಗಳು ಬೆದರಬಾರದು ನೋಡಿ! ಆದರೆ ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ಎಡೆಬಿಡದೆ ನಡೆಯುವ ಗದ್ದಲದಲ್ಲಿ ಕಿವಿ ಮಂದವಾದ ಹಿರಿಯರ ಪಾಡೇನು? ಅದನ್ನು ಕೇಳುವವರು ಯಾರು?

ಸಯ್ಯಾಜಿರಾವ್ ರಸ್ತೆ ಆಸುಪಾಸಿನ ಜವಳಿ ಅಂಗಡಿ ಯಜಮಾನರೊಬ್ಬರು ಈ ಅಂಕಣಕಾರನಿಗೆ ಹಳೇ ಪರಿಚಯ. ನಲವತ್ತು ವರ್ಷ ಗಲ್ಲಾ ಮುಂದೆ ಕೂತ ಜೀವ. ಹೋದ ವರ್ಷ ನೋಡಿದರೆ ಅಂಗಡಿಯ ಹಿಂದಿನ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು.

'ಏನ್ ಯಜಮಾನ್ರೇ, ಗಲ್ಲಾ ಮಗನಿಗೆ ಬಿಟ್ಟುಕೊಟ್ರಾ?' ಅಂದೆ.

'ನಾನು ಬಿಡಲಿಲ್ಲ ಕಣಪ್ಪಾ, ಕಿವಿ ಬಿಡಿಸ್ತು' ಅಂದರು.

ಆದದ್ದಿಷ್ಟೆ. ಗೌರಿ ಹಬ್ಬದ ಹಿಂದಿನ ದಿನ. ಅಂಗಡಿ ತುಂಬ ಜನ, ಎದುರು ಪೆಂಡಾಲಿನಲ್ಲಿ ಮೈಕು. ಬಾಗಿನಕ್ಕೆ ಬ್ಲೌಸ್ ಪೀಸು ಕೊಳ್ಳಲು ಬಂದ ಹೆಂಗಸು 'ಇಪ್ಪತ್ತು' ಎಂದರೆ ಇವರಿಗೆ 'ಎಪ್ಪತ್ತು' ಎಂದು ಕೇಳಿಸಿತು. ಕಟ್ಟಿಸಿದರು, ಬಿಲ್ಲೂ ಹರಿದರು. ಆಮೇಲೆ ಶುರುವಾಯಿತು ನೋಡಿ ಜಗಳ! 'ಕಿವುಡು ಮುದುಕನ್ನ ಕೂರಿಸ್ಕೊಂಡು ವ್ಯಾಪಾರ ಮಾಡ್ತಾರೆ' ಎಂದು ಗುಂಪಿನಲ್ಲಿ ಯಾರೋ ಅಂದುಬಿಟ್ಟರು. 'ಅಷ್ಟು ಹೊತ್ತು ಏನೂ ತಿಳೀದಿದ್ದ ಕಿವಿಗೆ ಅದೊಂದು ಮಾತು ಮಾತ್ರ ಚೆನ್ನಾಗಿ ಕೇಳಿಸ್ತು' ಎಂದು ಯಜಮಾನರು ನಕ್ಕರು. ಆ ನಗು ನೋಡಲಾಗಲಿಲ್ಲ.

ಇದು ಅವರೊಬ್ಬರ ಕಥೆಯಲ್ಲ. ಒಳಗಿವಿಯಲ್ಲಿ ಕೂದಲೆಳೆಯಂಥ ಸೂಕ್ಷ್ಮ ಜೀವಕೋಶಗಳಿವೆ. ವಯಸ್ಸಿನಿಂದಲೋ ಸದ್ದಿನಿಂದಲೋ ಅವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಹೋಗುವುದು ಸ, ಶ, ತ ಮುಂತಾದ ತೆಳು ಸದ್ದುಗಳು. ಹಾಗಾಗಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಸುತ್ತ ಗದ್ದಲವಿದ್ದರಂತೂ ಮುಗಿದೇ ಹೋಯಿತು. ಕಿರುಚಿದರೆ ಪ್ರಯೋಜನವಿಲ್ಲ. ಕಿರುಚಿದ ಮಾತು ಇನ್ನಷ್ಟು ಕಲಸಿಹೋಗುತ್ತದೆ, ಜೊತೆಗೆ ಬೈದಂತೆ ಕಾಣುತ್ತದೆ!

ಮನೆಯೊಳಗಿನ ಸಂಕಟ ಇನ್ನೂ ದೊಡ್ಡದು. ಹಬ್ಬದೂಟದ ಪಂಕ್ತಿಯಲ್ಲಿ ಎಲ್ಲರೂ ನಕ್ಕ ಮೇಲೆ ಅಜ್ಜ ನಗುತ್ತಾರೆ. 'ಏನಂತೆ?' ಎಂದು ಕೇಳಿದರೆ 'ಆಮೇಲೆ ಹೇಳ್ತೀನಿ ಬಿಡಿ' ಅನ್ನುತ್ತಾರೆ. ಆ 'ಆಮೇಲೆ' ಎಂದೂ ಬರುವುದಿಲ್ಲ. ಎರಡು ಹಬ್ಬ ಹೀಗೆ ಕಳೆದರೆ ಮೂರನೇ ಹಬ್ಬಕ್ಕೆ ಅವರು 'ನನಗೆ ತಲೆನೋವು, ನೀವು ಹೋಗಿ ಬನ್ನಿ' ಅನ್ನುತ್ತಾರೆ. ಜನ ಅದಕ್ಕೆ ಗತ್ತು ಎಂದು ಹೆಸರಿಡುತ್ತಾರೆ.

ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ಹಿರಿಯರನ್ನು ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ಹಿಂದಿನ ಗಲಾಟೆ ಕಡಿಮೆಯಾಗುತ್ತದೆ. ಮಾತಾಡುವವರ ಮುಖದ ಮೇಲೆ ಬೆಳಕಿರಲಿ. ಟಿ.ವಿ. ಆರಿಸಿ, ಮಿಕ್ಸಿ ತಿರುಗುವಾಗ ಅಡುಗೆಮನೆಯಿಂದ ಕೂಗಬೇಡಿ. ಒಬ್ಬೊಬ್ಬರೇ ಮಾತಾಡಿ. ತಿಳಿಯದಿದ್ದರೆ ಅದನ್ನೇ ಗಟ್ಟಿಯಾಗಿ ಹೇಳುವ ಬದಲು ಬೇರೆ ಮಾತಿನಲ್ಲಿ ಹೇಳಿ.

ಅಂಗಡಿಯವರಿಗೊಂದು ಮಾತು. ಸಂಖ್ಯೆಯನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಚೀಟಿಯಲ್ಲಿ ಬರೆದು ತೋರಿಸಿ. ಅರ್ಧ ನಿಮಿಷದ ಕೆಲಸ, ಜಗಳ ಉಳಿಯುತ್ತದೆ. ಬಸ್ಸಿನವರಿಗೂ ಅಷ್ಟೆ. ಹಬ್ಬದ ನೂಕುನುಗ್ಗಲಿನಲ್ಲಿ 'ಮುಂದೆ ಹೋಗ್ರೀ' ಎಂದು ಹತ್ತು ಸಲ ಕೂಗಿದರೂ ಮುದುಕರು ಅಲುಗದಿದ್ದರೆ ಅದು ಮೊಂಡುತನ ಇರಲಾರದು. ಭುಜ ಮುಟ್ಟಿ ಹೇಳಿ. ಕಿವಿ ಕೇಳದವರು ತಾವೂ ಸಂಕೋಚ ಬಿಟ್ಟು 'ನನಗೆ ಕಿವಿ ಮಂದ, ಸ್ಟಾಪ್ ಬಂದಾಗ ಹೇಳಪ್ಪಾ' ಎಂದು ಕಂಡಕ್ಟರಿಗೆ ಮೊದಲೇ ಹೇಳಿಬಿಡುವುದು ವಾಸಿ.

ಕಿವಿ ಮಿಷನ್ ಇಟ್ಟವರು ಹಬ್ಬದ ದಿನ ಎಣ್ಣೆ ಸ್ನಾನಕ್ಕೆ ಮೊದಲು ಅದನ್ನು ತೆಗೆದಿಡಬೇಕು. ನೀರು, ಎಣ್ಣೆ ಎರಡೂ ಅದಕ್ಕೆ ವಿಷ. ಕಿವಿಗೆ ಬೆಚ್ಚನೆ ಎಣ್ಣೆ ಬಿಡುವ ಹಳೇ ವೈದ್ಯವೂ ಬೇಡ. ಬ್ಯಾಟರಿ ಮಿಷನ್ನಾದರೆ ಒಂದು ಜೊತೆ ಬ್ಯಾಟರಿ ಜೇಬಿನಲ್ಲಿರಲಿ, ಹಬ್ಬದ ದಿನ ಅಂಗಡಿ ಮುಚ್ಚಿರುತ್ತದೆ!

ಇನ್ನು ಪಟಾಕಿ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಯ ತಯಾರಿಕೆ, ಮಾರಾಟಕ್ಕೆ 1999ರಲ್ಲೇ ನಿಷೇಧ ಬಂದಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬುದು 2000ದ ನಿಯಮ. ಹಬ್ಬಕ್ಕೆಂದು ಸರ್ಕಾರ ವಿನಾಯಿತಿ ಕೊಟ್ಟರೂ ಅದು ವರ್ಷಕ್ಕೆ 15 ದಿನ ಮೀರುವಂತಿಲ್ಲ, ಅದೂ ಮಧ್ಯರಾತ್ರಿ 12ರವರೆಗೆ ಮಾತ್ರ. ಕಾನೂನು ಕಾಗದದಲ್ಲಿದೆ, ಡಿ.ಜೆ. ಬೀದಿಯಲ್ಲಿದೆ! ಪಟಾಕಿ ಸದ್ದಾದ ಮೇಲೆ ಕಿವಿ ಗುಂಯ್ ಅನ್ನುತ್ತಲೇ ಇದ್ದರೆ, ಇಲ್ಲವೇ ಥಟ್ಟನೆ ಕೇಳದಂತಾದರೆ 'ನಾಳೆ ಸರಿಹೋದೀತು' ಎಂದು ಕೂರದೆ ಅಂದೇ ಡಾಕ್ಟರ ಬಳಿ ಹೋಗಿ. ತಡವಾದಷ್ಟೂ ಕಿವಿ ವಾಪಸು ಬರುವ ಆಸೆ ಕಡಿಮೆ.

ನಮ್ಮೂರಿನವರಿಗೆ ಒಂದು ಅದೃಷ್ಟವಿದೆ. 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲೇ ಮಾನಸಗಂಗೋತ್ರಿಯಲ್ಲಿದೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ನಾವು ಮಾತ್ರ ಸಿಟಿ ಬಸ್ಸಿನ ದಾರಿಯಲ್ಲಿದ್ದರೂ 'ವಯಸ್ಸಾಯ್ತು, ಬಿಡಿ' ಎಂದು ಮನೆಯಲ್ಲೇ ಕೂರುತ್ತೇವೆ.

ಜವಳಿ ಅಂಗಡಿ ಯಜಮಾನರು ಕೂರಲಿಲ್ಲ. ಮಗನೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ, ಮಿಷನ್ ಬಂತು. 'ಮೊದಮೊದಲು ಚೀಲದ ಸರಸರ ಸದ್ದೂ ತಲೆ ತಿಂತಿತ್ತು, ಎರಡು ತಿಂಗಳಲ್ಲಿ ಒಗ್ಗಿತು' ಅನ್ನುತ್ತಾರೆ. ಮಿಷನ್ ಬಂತೆಂದು ಕಿವಿ ಹೊಸದಾಗಲಿಲ್ಲ, ಗದ್ದಲದಲ್ಲಿ ಈಗಲೂ ತಡವರಿಸುತ್ತಾರೆ. ಅದಕ್ಕೇ ಗಲ್ಲಾ ಪಕ್ಕ ಒಂದು ಚೀಟಿ ಪುಸ್ತಕ, ದಾರ ಕಟ್ಟಿದ ಪೆನ್ನು. ಈ ಸಲ ಹಬ್ಬಕ್ಕೆ ಮತ್ತೆ ಅವರೇ ಗಲ್ಲಾ ಮುಂದೆ.

ಮೊನ್ನೆ ಹೋದಾಗ ಬೀದಿ ನೋಡುತ್ತ ಏನೋ ಕೇಳಿದೆ. ಯಜಮಾನರು ಮೇಜು ತಟ್ಟಿ ಹೇಳಿದರು: 'ಈ ಕಡೆ ತಿರುಗಪ್ಪಾ. ಸ್ವಲ್ಪ ಮುಖ ಕೊಟ್ಟು ಮಾತಾಡು!'

ಹಬ್ಬದ ದಿನಗಳಲ್ಲಿ ನಾವೆಲ್ಲರೂ ನೆನಪಿಡಬೇಕಾದ ಮಾತು ಅದೇ.